ಮೂರು ಕಾಲಮ್ಮಿನ ಅರ್ಜಿ

ಅರ್ಜಿ ಹಾಕಮ್ಮ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನೆಲ್ಲ ಓದಿ, ‘ಮೇಷ್ಟ್ರಿಗೆ ಪ್ರಶಸ್ತಿ ಅಂದರೆ ಆಗಿಬರುವುದಿಲ್ಲ, ಬೇಡ ಅಂದರು’ ಎಂದು ನೀನು ತಿಳಿಯಬಾರದು. ನಿಮ್ಮ ವಿಶ್ವವಿದ್ಯಾಲಯ ಉತ್ತಮ ಅಧ್ಯಾಪಕ ಪ್ರಶಸ್ತಿಗೆ ಅರ್ಜಿ ಕರೆದಿದೆ, ವಿಭಾಗದ ಮುಖ್ಯಸ್ಥರು ನಿನ್ನ ಹೆಸರು ಸೂಚಿಸಿದ್ದಾರೆ, ನನ್ನದೊಂದು ಶಿಫಾರಸು ಪತ್ರ ಬೇಕು. ಪತ್ರ ಬರೆದು ಕಳಿಸಿದ್ದೇನೆ. ಅದರ ಜೊತೆಗೆ ನೀನು ಕೇಳದಿದ್ದ ಈ ಇನ್ನೊಂದು ಕಾಗದ. ನಿವೃತ್ತ ಮೇಷ್ಟ್ರುಗಳಿಗೆ ಕೇಳಿದ್ದಕ್ಕಿಂತ ಹೆಚ್ಚು ಹೇಳುವ ಚಾಳಿ ಇರುತ್ತದೆ, ಸಹಿಸಿಕೋ.

ನೀನು ಕಳಿಸಿದ ನಮೂನೆ ನೋಡಿದೆ. ಬೋಧನೆ, ಸಂಶೋಧನೆ, ಸೇವೆ ಅಂತ ಮೂರು ಕಾಲಮ್ಮು. ಒಂದೊಂದಕ್ಕೂ ಬೇರೆ ಅಂಕ, ಬೇರೆ ದಾಖಲೆ. ಈ ವಿಂಗಡಣೆ ನಮ್ಮವರಿಗೆ ಹೊಸದೇನೂ ಅಲ್ಲ. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಅದರ ಕೆಲಸವನ್ನು ಅಧ್ಯಯನಾಂಗ, ಸಂಶೋಧನಾಂಗ, ಪ್ರಸಾರಾಂಗ ಎಂದು ಮೂರಾಗಿ ಹೊಂದಿಸಿದ್ದರು. ಸಂಸ್ಥೆ ನಡೆಸುವವರಿಗೆ ಅಂಥ ವಿಂಗಡಣೆ ಬೇಕು. ತೊಂದರೆ ಆಗುವುದು ಅರ್ಜಿ ತುಂಬುವವರಿಗೆ. ಅವರು ಕಾಲಮ್ಮಿಗೆ ತಕ್ಕ ಹಾಗೆ ತಮ್ಮ ವರ್ಷವನ್ನೇ ಮೂರು ತುಂಡು ಮಾಡಿಕೊಳ್ಳುತ್ತಾರೆ. ಟೈಮ್‌ಟೇಬಲ್ ಪ್ರಕಾರ ಪಾಠ, ರಜೆಯಲ್ಲಿ ಯಾವುದೋ ಸೆಮಿನಾರಿಗೆ ಒಂದು ಪ್ರಬಂಧ, ಎನ್‌ಎಸ್‌ಎಸ್ ಶಿಬಿರದಲ್ಲಿ ಪೊರಕೆ ಹಿಡಿದು ಒಂದು ಫೋಟೊ. ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತನವೇ ಇರುವುದಿಲ್ಲ. ಅರ್ಜಿ ಮಾತ್ರ ತುಂಬಿ ತುಳುಕುತ್ತಿರುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಅರ್ಜಿಯಲ್ಲಿ ಮೂರು ಕಾಲಮ್ಮು ಇರಲಿ, ನಿನ್ನ ಕೆಲಸದಲ್ಲಿ ಬೇಡ. ನಮ್ಮಲ್ಲಿ ನಿಜವಾಗಿ ದೊಡ್ಡವರಾದ ಅಧ್ಯಾಪಕರು ಯಾರೂ ಮೂರು ಕೆಲಸ ಮಾಡಲಿಲ್ಲ. ಒಂದನ್ನೇ ಹಿಡಿದು ಅದು ಹೋಗುವಷ್ಟು ದೂರ ಹೋದರು.

ಎಂ. ಹಿರಿಯಣ್ಣನವರನ್ನೇ ನೋಡು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರು. ಭಾರತೀಯ ದರ್ಶನಗಳ ಮೇಲೆ ಅವರು ಇಂಗ್ಲಿಷಿನಲ್ಲಿ ಬರೆದ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ 1932ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ತೊಂಬತ್ತು ವರ್ಷ ದಾಟಿದರೂ ದರ್ಶನ ಓದಲು ಹೊರಡುವವರ ಕೈಗೆ ಇವತ್ತಿಗೂ ಮೊದಲು ಕೊಡುವ ಪುಸ್ತಕಗಳಲ್ಲಿ ಅದೊಂದು. ಅದು ಎಲ್ಲಿಂದ ಬಂತು? ಮೈಸೂರು ವಿಶ್ವವಿದ್ಯಾಲಯದಲ್ಲಿ ವರ್ಷಾನುಗಟ್ಟಲೆ ಮಾಡಿದ ಉಪನ್ಯಾಸಗಳೇ ಇದರ ಆಧಾರ, ಕಾಲೇಜಿನಲ್ಲಿ ಪಠ್ಯವಾಗಲಿ ಎಂದೇ ಪ್ರಕಟಿಸುತ್ತಿದ್ದೇನೆ ಎಂದು ಅವರೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಅಂದರೆ ತರಗತಿಯ ಟಿಪ್ಪಣಿ. ಪ್ರತಿ ವರ್ಷ ಹೊಸ ಹುಡುಗರು ಬಂದು ಕೂತಾಗ ‘ಇವರಿಗೆ ಇದು ಎಲ್ಲಿ ತೊಡಕಾಗುತ್ತದೆ’ ಎಂದು ನೋಡಿ ತಿದ್ದಿ ತಿದ್ದಿ ಗಟ್ಟಿಯಾದ ಟಿಪ್ಪಣಿ. ಇದನ್ನು ನಿಮ್ಮ ನಮೂನೆಯ ಯಾವ ಕಾಲಮ್ಮಿಗೆ ಹಾಕುತ್ತೀಯ? ಬೋಧನೆಗೋ ಸಂಶೋಧನೆಗೋ? ಅವರು ಪ್ರತಿವರ್ಷ ಪ್ರಬಂಧ ಎಣಿಸಿ ತೋರಿಸಬೇಕಾಗಿದ್ದಿದ್ದರೆ ಆ ಪುಸ್ತಕ ಹತ್ತಾರು ಬಿಡಿ ಲೇಖನಗಳಾಗಿ ಚೆದುರಿಹೋಗುತ್ತಿತ್ತು.

ಅದೇ ಕಾಲೇಜಿನಲ್ಲಿ ಹಿರಿಯಣ್ಣನವರ ಸಹೋದ್ಯೋಗಿಯಾಗಿದ್ದವರು ರಾಧಾಕೃಷ್ಣನ್. 1921ರಲ್ಲಿ ಅವರು ಕಲ್ಕತ್ತಕ್ಕೆ ಹೊರಟಾಗ ಹುಡುಗರು ಗಾಡಿಯ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ಮೈಸೂರು ರೈಲ್ವೆ ನಿಲ್ದಾಣಕ್ಕೆ ಹೋದ ಕಥೆಯನ್ನು ಪ್ರತಿ ಸೆಪ್ಟೆಂಬರ್ 5ರಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ನೀನೂ ಎಷ್ಟು ಸಲ ಕೇಳಿದ್ದೀಯೋ. ಆದರೆ ಅವರು ಮೈಸೂರಿನಲ್ಲಿದ್ದದ್ದು ಮೂರೇ ವರ್ಷ, ಆ ಮೂರು ವರ್ಷದಲ್ಲಿ ಪಾಠ ಮಾಡುತ್ತಲೇ ‘ದಿ ರೇನ್ ಆಫ್ ರಿಲಿಜನ್ ಇನ್ ಕಾಂಟೆಂಪರರಿ ಫಿಲಾಸಫಿ’ ಎಂಬ ಪುಸ್ತಕ ಬರೆದರು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಭಾಷಣಕ್ಕೆ ಗಾಡಿ ಎಳೆದದ್ದೇ ಚೆಂದ.

ಆದರೆ ನನ್ನ ಮನಸ್ಸು ಪದೇ ಪದೇ ಹೋಗುವುದು ಟಿ.ಎಸ್. ವೆಂಕಣ್ಣಯ್ಯನವರ ಕಡೆಗೆ. ಚಿತ್ರದುರ್ಗ ಸೀಮೆಯ ತಳುಕಿನವರು. ಸ್ವಂತವಾಗಿ ಬರೆದದ್ದು ಕಡಿಮೆ. ಹರಿಹರನ ಬಸವರಾಜದೇವರ ರಗಳೆಯನ್ನು ಸಂಪಾದಿಸಿದರು, ಎ.ಆರ್. ಕೃಷ್ಣಶಾಸ್ತ್ರಿಗಳ ಜೊತೆ ಸೇರಿ ರಾಮಕೃಷ್ಣ ಪರಮಹಂಸರ ಚರಿತ್ರೆ ಬರೆದರು, ಇನ್ನೂ ಕೆಲವು. ಇವತ್ತಿನ ಲೆಕ್ಕದಲ್ಲಿ ಸಂಶೋಧನೆಯ ಕಾಲಮ್ಮು ತೆಳ್ಳಗೇ ಕಾಣುತ್ತಿತ್ತು. ಅವರು ಪಾಠ ಹೇಳುತ್ತಿದ್ದದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಆಗತಾನೇ ಶುರುವಾಗಿದ್ದ ದಿನಗಳಲ್ಲಿ. ಆ ಮೊದಮೊದಲ ವಿದ್ಯಾರ್ಥಿಗಳಲ್ಲಿ ಕುವೆಂಪು ಇದ್ದರು, ಡಿ.ಎಲ್. ನರಸಿಂಹಾಚಾರ್ಯರೂ ಇದ್ದರು. ಒಬ್ಬರು ಮಹಾಕವಿಯಾದರು, ಇನ್ನೊಬ್ಬರು ವಡ್ಡಾರಾಧನೆಯನ್ನು ಸಂಪಾದಿಸಿ, ‘ಕನ್ನಡ ಗ್ರಂಥಸಂಪಾದನೆ’ ಬರೆದು, ಹಳಗನ್ನಡ ಓದುವ ಕ್ರಮಕ್ಕೇ ಶಿಸ್ತು ತಂದರು. ಎರಡೂ ದಾರಿಗೆ ಒಬ್ಬರೇ ಮೇಷ್ಟ್ರು! ಕವಿಯಾಗುವವನನ್ನು ಪಂಡಿತನಾಗು ಎಂದು ಹಿಂಸಿಸದೆ, ಪಂಡಿತನಾಗುವವನನ್ನು ಪದ್ಯ ಬರಿ ಎಂದು ಕಾಡದೆ ಬಿಡುವುದು ಸಣ್ಣ ವಿದ್ಯೆಯಲ್ಲ. ನಿಮ್ಮ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ.

ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ, 1949ರಲ್ಲಿ, ‘ಶ್ರೀ ರಾಮಾಯಣ ದರ್ಶನಂ’ ಹೊರಬಂತು. ತೆರೆದು ನೋಡು, ಅದರ ಅರ್ಪಣೆ ವೆಂಕಣ್ಣಯ್ಯನವರಿಗೆ. ಮುಂದೆ ಆ ಕಾವ್ಯಕ್ಕೆ 1955ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1967ರ ಸಾಲಿನಲ್ಲಿ ಜ್ಞಾನಪೀಠ, ಕನ್ನಡಕ್ಕೆ ಬಂದ ಮೊದಲ ಜ್ಞಾನಪೀಠ. ಕನ್ನಡದ ಅಧ್ಯಾಪಕರೊಬ್ಬರಿಗೆ ಸಂದ ಅತಿ ದೊಡ್ಡ ಗೌರವ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಆ ಅರ್ಪಣೆಯ ಪುಟವನ್ನೇ ತೋರಿಸುವುದು. ಅದಕ್ಕೆ ಅರ್ಜಿ ಹಾಕಲು ಬರುತ್ತಿರಲಿಲ್ಲ, ಕೊನೆಯ ದಿನಾಂಕ ಇರಲಿಲ್ಲ, ಪಡೆದವರು ಅದನ್ನು ನೋಡಲೂ ಇಲ್ಲ.

ಹಾಗೆಂದು ಅಂಥದ್ದಕ್ಕೇ ಕಾಯುತ್ತಾ ಕೂರು ಎಂದು ಹೇಳಲಾರೆ. ಬದುಕಿರುವಾಗ, ಕೆಲಸದ ಹುಮ್ಮಸ್ಸು ಇರುವಾಗ ಒಂದು ಮೆಚ್ಚುಗೆಯ ಮಾತು ಬಂದರೆ ಮನುಷ್ಯ ಇನ್ನಷ್ಟು ದುಡಿಯುತ್ತಾನೆ. ನಿಘಂಟಿನ ಜಿ. ವೆಂಕಟಸುಬ್ಬಯ್ಯನವರಿಗೆ ಪದ್ಮಶ್ರೀ ಬಂದದ್ದು 2017ರಲ್ಲಿ, ಅವರ 103ನೇ ವಯಸ್ಸಿನಲ್ಲಿ. ಅವರು ಆರೋಗ್ಯವಾಗಿದ್ದದ್ದು ಸರ್ಕಾರದ ಪುಣ್ಯ. ದೇಶ ಶಾಲಾ ಶಿಕ್ಷಕರಿಗೆ 1958ರಿಂದಲೇ ರಾಷ್ಟ್ರಪ್ರಶಸ್ತಿ ಕೊಡುತ್ತಿದ್ದರೂ, ಆ ಪಟ್ಟಿಗೆ ಕಾಲೇಜು, ವಿಶ್ವವಿದ್ಯಾಲಯ, ಪಾಲಿಟೆಕ್ನಿಕ್ ಅಧ್ಯಾಪಕರನ್ನು ಸೇರಿಸಿದ್ದು 2023ರಲ್ಲಿ. ಆ ವರ್ಷ ಇಡೀ ದೇಶದಲ್ಲಿ ಇವರ ಪೈಕಿ ಆಯ್ಕೆಯಾದವರು 13 ಮಂದಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುತ್ತಿದ್ದ ಪ್ರೀತಿ ಶಂಕರ್ ಅವರ ಹೆಸರಿನಲ್ಲಿ ಸಹಾಯಕ ಪ್ರಾಧ್ಯಾಪಕರಿಗೆಂದು ಒಂದು ಬೋಧನಾ ಪ್ರಶಸ್ತಿ ಇದೆ. ಸಂಶೋಧನೆಗೆ ಹೆಸರಾದ ಸಂಸ್ಥೆ ಪಾಠ ಹೇಳುವುದಕ್ಕೆಂದೇ, ಅದೂ ಚಿಕ್ಕ ವಯಸ್ಸಿನವರಿಗೆ, ಪ್ರತ್ಯೇಕವಾಗಿ ಪ್ರಶಸ್ತಿ ಇಟ್ಟಿರುವುದು ನನಗೆ ಬಹಳ ಹಿಡಿಸಿದೆ. ಇಂಥವು ಹೆಚ್ಚಲಿ.

ಈಗ ನಿನ್ನ ಅರ್ಜಿಗೆ ಬರೋಣ. ಬೋಧನೆಯ ಕಾಲಮ್ಮಿನಲ್ಲಿ ‘ಶೇ. 96 ತರಗತಿಗಳನ್ನು ತೆಗೆದುಕೊಂಡಿದ್ದೇನೆ’ ಎಂದು ಬರೆದಿದ್ದೀಯ. ತಪ್ಪಿಲ್ಲ, ಕೇಳಿದ್ದೇ ಅದನ್ನು. ಯುಜಿಸಿಯ 2018ರ ನಿಯಮದಲ್ಲಿ ಬಡ್ತಿಗೆ ಬೋಧನೆಯನ್ನು ಅಳೆಯುವ ಕ್ರಮವೇ ಹಾಗಿದೆ. ಕೊಟ್ಟ ತರಗತಿಗಳಲ್ಲಿ ಶೇ. 80 ತೆಗೆದುಕೊಂಡರೆ ‘ಉತ್ತಮ’, 70 ದಾಟಿದರೆ ‘ತೃಪ್ತಿಕರ’. ಒಲೆ ಎಷ್ಟು ಹೊತ್ತು ಉರಿಯಿತು ಎಂದು ನೋಡಿ ಊಟ ಚೆನ್ನಾಗಿತ್ತು ಎಂದು ಬರೆದುಕೊಂಡ ಹಾಗೆ. ತರಗತಿಗೇ ಹೋಗದವರನ್ನು ಹಿಡಿಯಲು ಆ ಅಳತೆ ಸಾಕು, ಒಳ್ಳೆಯವರನ್ನು ಹುಡುಕಲು ಸಾಲದು. ಇನ್ನು ವಿದ್ಯಾರ್ಥಿಗಳ ಫೀಡ್‌ಬ್ಯಾಕ್. ಗೂಗಲ್ ಫಾರ್ಮಿನಲ್ಲಿ ಐದಕ್ಕೆ ನಾಲ್ಕೂಮುಕ್ಕಾಲು ಬಂದಿದೆ ಎಂದು ಖುಷಿಪಟ್ಟಿದ್ದೀಯ. ಪಡು. ಆದರೆ ಇಂಟರ್ನಲ್ ಅಂಕ ಉದಾರವಾಗಿ ಹಾಕುವವರಿಗೂ ಅಷ್ಟೇ ಬರುತ್ತದೆ ಅನ್ನುವುದು ನಿನಗೂ ಗೊತ್ತು.

ಅದರ ಬದಲು ಒಂದು ಕೆಲಸ ಮಾಡು. ಪಕ್ಕದ ವಿಭಾಗದವರೊಬ್ಬರನ್ನು ನಿನ್ನ ತರಗತಿಯಲ್ಲಿ ಬಂದು ಕೂರಲು ಕರೆ. ನಮ್ಮಲ್ಲಿ ಈ ಅಭ್ಯಾಸವೇ ಇಲ್ಲ, ನ್ಯಾಕ್ ತಂಡ ಬಂದಾಗ ಬಿಟ್ಟರೆ ಮೇಷ್ಟ್ರ ತರಗತಿಗೆ ಇನ್ನೊಬ್ಬ ಮೇಷ್ಟ್ರು ಕಾಲಿಡುವುದಿಲ್ಲ, ಇಟ್ಟರೆ ಅವಮಾನ ಎಂದುಕೊಳ್ಳುತ್ತೇವೆ. ಅವರು ಕೂತು ನೋಡಿ ಬರೆದುಕೊಡುವ ಒಂದು ಪುಟ ಆ ನಾಲ್ಕೂಮುಕ್ಕಾಲಿಗಿಂತ ಹೆಚ್ಚು ತೂಗುತ್ತದೆ. ನೀನು ತೆಗೆದ ಪ್ರಶ್ನೆಪತ್ರಿಕೆಗಳನ್ನು ಲಗತ್ತಿಸು. ಕಲಿಸುವವರ ಯೋಗ್ಯತೆ ಪ್ರಶ್ನೆಪತ್ರಿಕೆಯಲ್ಲಿ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ. ನೀನು ಕೆಂಪು ಮಸಿಯಲ್ಲಿ ಟಿಪ್ಪಣಿ ಹಾಕಿ ಹಿಂದಿರುಗಿಸಿದ ಅಸೈನ್‌ಮೆಂಟುಗಳ ಪ್ರತಿ ಇದ್ದರೆ ಅದನ್ನೂ ಇಡು.

ನಿನ್ನ ಅರ್ಜಿಯಲ್ಲಿ ನನಗೆ ತುಂಬಾ ಇಷ್ಟವಾದದ್ದನ್ನು ನೀನು ಎಲ್ಲೋ ಕೊನೆಯಲ್ಲಿ, ‘ಇತರೆ’ ಎಂಬಲ್ಲಿ ತುರುಕಿದ್ದೀಯ. ಎಂ.ಎ. ಮಕ್ಕಳಿಗೆ ಬಡ್ಡಿಯ ಪಾಠ ಮಾಡುವಾಗ, ಅವರವರ ಊರಿನ ಸಂಘಗಳಲ್ಲಿ ಹೆಂಗಸರು ತೆಗೆದುಕೊಂಡ ಕಿರುಸಾಲದ ಪಾಸ್‌ಬುಕ್ಕುಗಳನ್ನು ನೋಡಿಬನ್ನಿ ಎಂದು ಕಳಿಸಿದ್ದೆಯಲ್ಲ, ಅದು. ಐವತ್ತು ಸಾವಿರ ಸಾಲ, ಎರಡು ವರ್ಷ, ‘ಫ್ಲಾಟ್’ ಲೆಕ್ಕದಲ್ಲಿ ಶೇ. 12 ಬಡ್ಡಿ. ಕೇಳಲು ಸೋವಿ. ಒಟ್ಟು ಬಡ್ಡಿ 12,000, ತಿಂಗಳ ಕಂತು 2,583 ರೂಪಾಯಿ. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಐವತ್ತು ಸಾವಿರದ ಮೇಲೇ ನಡೆಯುತ್ತದೆ, ಹಾಗಾಗಿ ಬಾಕಿ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇ. 21ನ್ನೂ ದಾಟುತ್ತದೆ. ನಿನ್ನ ವಿದ್ಯಾರ್ಥಿಗಳು ಇದನ್ನು ಕಂಡುಹಿಡಿದದ್ದು ಪುಸ್ತಕದಲ್ಲಿ ಅಲ್ಲ, ತಮ್ಮ ಅಮ್ಮಂದಿರ ಪಾಸ್‌ಬುಕ್ಕಿನಲ್ಲಿ. ಆಮೇಲೆ ಆ ವಿದ್ಯಾರ್ಥಿಗಳೇ ಸಂಘಗಳಿಗೆ ಹೋಗಿ ಲೆಕ್ಕ ವಿವರಿಸಿದರು. 2025ರಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂತು. ಆ ಗದ್ದಲ ಏಳುವ ಮೊದಲೇ ನಿಮ್ಮ ತರಗತಿಗೆ ವಿಷಯದ ಬುಡ ಗೊತ್ತಿತ್ತು.

ಇದು ಪಾಠ. ಇದನ್ನೇ ಕ್ರಮವಾಗಿ, ಇನ್ನಷ್ಟು ಊರುಗಳಲ್ಲಿ ಮಾಡಿದರೆ ಸಂಶೋಧನೆ. ಸಂಘದ ಹೆಂಗಸರಿಗೆ ಗೊತ್ತಾಗುವ ಕನ್ನಡದಲ್ಲಿ ಹೇಳಿದರೆ ಸೇವೆ. ಮೂರು ಕಾಲಮ್ಮಿಗೂ ಇದೊಂದನ್ನೇ ಬರೆ. ಸಮಿತಿಯವರು ‘ಪುನರಾವರ್ತನೆ’ ಎಂದು ಗೊಣಗಿದರೆ ಗೊಣಗಲಿ.

ಸಂಶೋಧನೆಯ ಕಾಲಮ್ಮಿನ ಬಗ್ಗೆ ಇನ್ನೊಂದು ಮಾತು. 2010ರಲ್ಲಿ ಯುಜಿಸಿ ಅಂಕ ಎಣಿಸುವ ಪದ್ಧತಿ ತಂದಿತು, ಎಪಿಐ ಅಂತ. ಲೇಖನಕ್ಕಿಷ್ಟು, ಪುಸ್ತಕಕ್ಕಿಷ್ಟು, ಸೆಮಿನಾರಿಗಿಷ್ಟು. ಆಮೇಲೆ ಏನಾಯಿತು ಎಂದು ನೀನು ವಿದ್ಯಾರ್ಥಿನಿಯಾಗಿದ್ದಾಗಲೇ ನೋಡಿದ್ದೀಯ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಮಾಡುವ ‘ಅಂತರರಾಷ್ಟ್ರೀಯ’ ಜರ್ನಲ್‌ಗಳು ಗಲ್ಲಿಗೊಂದು ಹುಟ್ಟಿದವು. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಿತು. ಆಮೇಲೆ ‘ಕೇರ್’ ಪಟ್ಟಿ ಬಂತು, 2025ರಲ್ಲಿ ಅದನ್ನೂ ಕೈಬಿಟ್ಟರು. ನಿಯಮ ಬದಲಾಗುತ್ತಲೇ ಇರುತ್ತದೆ. ಅದರ ಹಿಂದೆ ಓಡಿದವರ ಕೈಯಲ್ಲಿ ಈಗ ಉಳಿದಿರುವುದು ಯಾರೂ ಓದದ ಲೇಖನಗಳ ಕಟ್ಟು. ನಿನ್ನದು ನಾಲ್ಕೇ ಲೇಖನ ಇದೆ ಎಂದು ಸಂಕೋಚಪಟ್ಟು ಬರೆದಿದ್ದೀಯ. ನಾಲ್ಕನ್ನೂ ಓದಿದ್ದೇನೆ. ಮೂರು ಗಟ್ಟಿ ಇವೆ. ಒಂದನ್ನು ನೀನು ಬರೆಯದಿದ್ದರೂ ಲೋಕಕ್ಕೆ ನಷ್ಟವಿರಲಿಲ್ಲ.

ಸೇವೆ ಎಂದರೆ ಕಮಿಟಿ ಎಂದು ಬಹಳ ಜನ ತಿಳಿದಿದ್ದಾರೆ. ಪರೀಕ್ಷಾ ಕಮಿಟಿ, ಶಿಸ್ತು ಕಮಿಟಿ, ಊಟದ ಕಮಿಟಿ. ಅವೂ ಬೇಕು, ಯಾರಾದರೂ ಮಾಡಲೇಬೇಕು. ಆದರೆ ಎಚ್. ನರಸಿಂಹಯ್ಯನವರನ್ನು ನೆನಪಿಸಿಕೋ. ಗೌರಿಬಿದನೂರಿನ ಹತ್ತಿರದ ಹೊಸೂರಿನವರು, ಅಮೆರಿಕದ ಓಹಾಯೊದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಮಾಡಿ ಬಂದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಾರಕ್ಕೊಂದು ವಿಜ್ಞಾನದ ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಪದ್ಮಭೂಷಣ ಬಂತು, ಇದ್ದದ್ದು ಮಾತ್ರ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ. ಬಾಗೇಪಲ್ಲಿಯಂಥ ಕಡೆ ಕಾಲೇಜು ಮಾಡಿಸಿದರು. ಅದಕ್ಕೂ ಮೊದಲು, 1930ರ ದಶಕದಲ್ಲೇ, ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಟ್ಟು, ಅವನ್ನು ಸಣ್ಣ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಕೊಡುತ್ತಿದ್ದರು. ಹಳ್ಳಿಗೆ ಹೋಗಿ ಗುಡಿಸಿ ಬರುವುದಕ್ಕಿಂತ ನಿನಗೆ ಗೊತ್ತಿರುವ ವಿದ್ಯೆಯನ್ನು ಹಳ್ಳಿಗೆ ಒಯ್ಯುವುದು ಮೇಲು. ಗುಡಿಸುವುದನ್ನು ಅವರು ನಿನಗಿಂತ ಚೆನ್ನಾಗಿ ಮಾಡುತ್ತಾರೆ.

ಒಂದು ಎಚ್ಚರಿಕೆ. ಈ ಪ್ರಶಸ್ತಿ ಬಂದ ಸುದ್ದಿ ಪತ್ರಿಕೆಯಲ್ಲಿ ಬಂದ ಮರುದಿನದಿಂದ ನಿನ್ನ ವಾಟ್ಸಾಪಿಗೆ ಬೇರೆ ಪ್ರಶಸ್ತಿಗಳು ಬರತೊಡಗುತ್ತವೆ. ‘ತಾವು ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಇಷ್ಟು.’ ಯಾವುದೋ ಹೋಟೆಲಿನ ಸಭಾಂಗಣದಲ್ಲಿ ಶಾಲು, ಹಾರ, ಮೈಸೂರು ಪೇಟ, ಫಲಕ, ಫೋಟೊ. ಇನ್ನೂ ಸ್ವಲ್ಪ ಹೆಚ್ಚು ಕೊಟ್ಟರೆ ಯಾರೂ ಹೆಸರು ಕೇಳದ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್. ಕಿಟೆಲ್ ಸಾಹೇಬರಿಗೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1896ರಲ್ಲಿ, ಅವರ ನಿಘಂಟು 1894ರಲ್ಲಿ ಹೊರಬಂದ ಮೇಲೆ. ಮೊದಲು ನಿಘಂಟು, ಆಮೇಲೆ ಡಾಕ್ಟರೇಟ್. ಆ ಸಂದೇಶಗಳನ್ನು ಅಳಿಸಿಹಾಕು. ವಿಭಾಗದಲ್ಲಿ ಅಂಥ ಫಲಕಗಳನ್ನು ಸಾಲಾಗಿ ಜೋಡಿಸಿಟ್ಟವರು ಇದ್ದರೆ ಅವರ ಜೊತೆ ವಾದಕ್ಕೂ ಇಳಿಯಬೇಡ, ಸಮಯ ಹಾಳು.

ಪ್ರಶಸ್ತಿ ಬಂದರೆ ಸಹೋದ್ಯೋಗಿಗಳಲ್ಲಿ ಒಬ್ಬಿಬ್ಬರ ಮುಖ ಗಂಟಾಗುತ್ತದೆ. ಅದು ಸಹಜ, ಕಾಫಿ ಕೊಡಿಸು. ಬಾರದಿದ್ದರೆ ನಿನ್ನ ಮುಖ ಗಂಟಾಗುತ್ತದೆ, ಅದೂ ಸಹಜ, ಒಂದು ವಾರ ಕೊಡುತ್ತೇನೆ. ಅದಾದ ಮೇಲೆ ಪಾಠ ಕೆಡಬಾರದು.

ಕೊನೆಯದಾಗಿ, ನಾನು ಬಹಳ ದಿನದಿಂದ ಯಾರಿಗಾದರೂ ಹೇಳಬೇಕೆಂದುಕೊಂಡಿದ್ದ ಸಂಗತಿ. ಇಂಥದೇ ಪ್ರಶಸ್ತಿಯೊಂದರ ಆಯ್ಕೆ ಸಮಿತಿಯಲ್ಲಿ, ಯಾವ ವಿಶ್ವವಿದ್ಯಾಲಯ ಎಂದು ಬೇಡ, ನಾನೂ ಕೂತಿದ್ದೆ. ಕಡತಗಳ ದಪ್ಪ ನೋಡಿಯೇ ಅರ್ಧ ತೀರ್ಮಾನವಾಗಿತ್ತು. ಹುಡುಗರು ಎಲ್ಲರಿಗಿಂತ ಹೆಚ್ಚು ಹೊಗಳಿ ಬರೆದಿದ್ದ ಹೆಸರೊಂದು ಇತ್ತು. ಅತಿಥಿ ಉಪನ್ಯಾಸಕಿ. ‘ಅವರು ಅರ್ಹರಲ್ಲ, ಕಾಯಂ ನೌಕರರಿಗೆ ಮಾತ್ರ’ ಎಂದು ಗುಮಾಸ್ತರು ನಿಯಮ ಓದಿದರು. ನಾನು ಆಕ್ಷೇಪ ಎತ್ತಿದೆ, ಟಿಪ್ಪಣಿಯಲ್ಲಿ ಬರೆಸಿದೆ, ಸಭೆ ಮುಂದೆ ಸಾಗಿತು. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಇವತ್ತು ಸಾವಿರಾರು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಿದ್ದಾರೆ. ವರ್ಷ ವರ್ಷವೂ ಮತ್ತೆ ಕೌನ್ಸೆಲಿಂಗ್, ಮುಂದಿನ ವರ್ಷ ಅದೇ ಊರು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಎಷ್ಟೋ ವಿಷಯಗಳಲ್ಲಿ ಪೂರ್ತಿ ಪಠ್ಯ ಮುಗಿಸುವವರು ಅವರೇ. ಅವರನ್ನು ಹೊರಗಿಟ್ಟು ಉತ್ತಮ ಬೋಧಕರನ್ನು ಹುಡುಕಿದೆವು ಎಂದರೆ ಅದು ಅರೆಬರೆ ಹುಡುಕಾಟ.

ನೀನು ಗೆದ್ದರೆ ಮುಂದಿನ ವರ್ಷ ನಿಮ್ಮಲ್ಲಿ ನಿನ್ನನ್ನೇ ಆಯ್ಕೆ ಸಮಿತಿಗೆ ಹಾಕುತ್ತಾರೆ, ಅದು ರೂಢಿ. ನಿಮ್ಮ ನಿಯಮದಲ್ಲೂ ‘ಕಾಯಂ ನೌಕರರಿಗೆ ಮಾತ್ರ’ ಎಂದಿದ್ದರೆ ಮೊದಲ ಸಭೆಯಲ್ಲೇ ಆ ಒಂದು ಸಾಲನ್ನು ತಿದ್ದಿಸು. ಕಾಯಂ, ಅತಿಥಿ ಎಂಬ ಭೇದವಿಲ್ಲದೆ ಪಾಠ ಮಾಡುವ ಎಲ್ಲರೂ ಅರ್ಹರು ಎಂದು ನಿಯಮದಲ್ಲಿ ಬರೆಯಿಸು. ಸಿಂಡಿಕೇಟ್ ಒಪ್ಪುವವರೆಗೂ ಬಿಡಬೇಡ.